ಕಬ್ಬಿಣ ಕೂಡುತ್ತದೆ, ಬೀಗ ಬಿಡುವುದಿಲ್ಲ

ಹಳೆಯ ಡೀಸೆಲ್ ಪಿಕಪ್ ಟ್ರಕ್ಕಿಗೆ ಹೊಸ ಕಾಲದ ಸ್ವಯಂಚಾಲಿತ ಗೇರ್‌ಬಾಕ್ಸ್ ಕೂರಿಸುವುದು ಅಮೆರಿಕದ ಹಳ್ಳಿಗಾಡಿನ ಗ್ಯಾರೇಜುಗಳಲ್ಲಿ ಅಪರೂಪದ ಸಂಗತಿಯೇನಲ್ಲ. ಮೂವತ್ತು ವರ್ಷ ದುಡಿದ ಎಂಜಿನ್ ಇನ್ನೂ ಗಟ್ಟಿಯಾಗಿರುತ್ತದೆ; ಅದರ ಬೆನ್ನಿಗಿರುವ ಗೇರ್‌ಬಾಕ್ಸ್ ಸವೆದಿರುತ್ತದೆ. ಅಪಘಾತದಲ್ಲಿ ಜಜ್ಜಿಹೋಗಿ ಗುಜರಿ ಸೇರಿದ ಹೊಸ ಟ್ರಕ್ಕಿನಿಂದ ಗೇರ್‌ಬಾಕ್ಸನ್ನು ಬಿಚ್ಚಿ ತಂದು ಹಳೆಯದಕ್ಕೆ ಜೋಡಿಸುತ್ತಾರೆ. ಟ್ರಕ್ಕು ಮತ್ತೆ ಹತ್ತಾರು ವರ್ಷ ಓಡುತ್ತದೆ.

ಈ ವಿಷಯಕ್ಕೆ ಮಲೆನಾಡಿನ ಪರಿಸರ ಪತ್ರಿಕೆಯಲ್ಲೇನು ಕೆಲಸ ಎಂದು ವಿದ್ಯಾರ್ಥಿ ಮಿತ್ರರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಕೆಟ್ಟದ್ದನ್ನು ಸರಿಪಡಿಸಿಕೊಂಡು ಬಳಸುವ ಹಕ್ಕು ಯಾರದು ಎಂಬ ವಿವಾದ ಇಂದು ಜಗತ್ತಿನಾದ್ಯಂತ ನಡೆಯುತ್ತಿದೆ. ಆ ವಿವಾದದ ತಿರುಳು ಈ ಒಂದು ಕೆಲಸದಲ್ಲಿ ಕೈಯಿಂದ ಮುಟ್ಟಿ ನೋಡುವಷ್ಟು ಸ್ಪಷ್ಟವಾಗಿ ಸಿಗುತ್ತದೆ. ಇಲ್ಲಿ ಕಬ್ಬಿಣಕ್ಕೆ ಕಬ್ಬಿಣ ಕೂಡುತ್ತದೆ. ಅಡ್ಡ ನಿಲ್ಲುವುದು ಕಂಪನಿ ಹಾಕಿದ ಬೀಗ. ಆ ಬೀಗ ನಮ್ಮ ಘಟ್ಟಗಳನ್ನೂ ಹತ್ತಿ ಬಂದಿದೆ.

ಹೊಲದಲ್ಲಿ ಹುಟ್ಟಿದ ಎಂಜಿನ್

ಈ ಕೆಲಸಕ್ಕೆ ಹೆಚ್ಚು ಒಳಗಾಗುವ ವಾಹನಗಳಲ್ಲಿ ಡಾಡ್ಜ್ ಪಿಕಪ್ ಮುಖ್ಯವಾದುದು. 1989ರಿಂದ 1998ರವರೆಗೆ ಅದರಲ್ಲಿದ್ದುದು ಕಮಿನ್ಸ್ ಕಂಪನಿಯ 5.9 ಲೀಟರಿನ, ಆರು ಸಿಲಿಂಡರಿನ, ಹನ್ನೆರಡು ಕವಾಟದ ಡೀಸೆಲ್ ಎಂಜಿನ್. ಕಮಿನ್ಸ್ ಕಂಪನಿಯು ಕೃಷಿಯಂತ್ರಗಳ ತಯಾರಕ ಸಂಸ್ಥೆಯಾದ ಕೇಸ್ ಜೊತೆಗೂಡಿ ಈ ವಂಶದ ಎಂಜಿನ್‌ಗಳನ್ನು ರೂಪಿಸಿತ್ತು. ಅಂದರೆ ಟ್ರಾಕ್ಟರಿನ, ಕೊಯ್ಲು ಯಂತ್ರದ ದುಡಿಮೆಯನ್ನು ಕಣ್ಣಮುಂದಿಟ್ಟುಕೊಂಡು ಹುಟ್ಟಿದ ಎಂಜಿನ್ ಇದು. 1993ರಲ್ಲಿ ಸ್ಥಾಪನೆಯಾದ ಜಮ್‌ಶೆಡ್‌ಪುರದ ಟಾಟಾ ಕಮಿನ್ಸ್ ಕಾರ್ಖಾನೆಯಲ್ಲಿ ಇದೇ ವಂಶದ ಎಂಜಿನ್‌ಗಳು ತಯಾರಾಗಿ ಟಾಟಾ ಲಾರಿಗಳಿಗೆ ಸೇರಿದವು. ಆದ್ದರಿಂದ ಇದು ನಮಗೆ ತೀರ ಪರಕೀಯವೂ ಅಲ್ಲ. ಅದರ ಬಂಧುಗಳು ನಮ್ಮ ಘಟ್ಟಗಳಲ್ಲೂ ಏದುಸಿರು ಬಿಟ್ಟಿದ್ದಾರೆ.

ಈ ಎಂಜಿನ್ನಿನ ಹೆಚ್ಚುಗಾರಿಕೆ ಶಕ್ತಿಯಲ್ಲಿಲ್ಲ. ಆರಂಭದಲ್ಲಿ ಅದು ಕೊಡುತ್ತಿದ್ದುದು 160 ಅಶ್ವಶಕ್ತಿ ಮಾತ್ರ. ಆದರೆ ತಿರುಚುಬಲ, ಅಂದರೆ ಚಕ್ರವನ್ನು ತಿರುಗಿಸುವ ಹಟ, ಸುಮಾರು 540 ನ್ಯೂಟನ್ ಮೀಟರ್. ಅದೂ ಎಂಜಿನ್ ನಿಧಾನವಾಗಿ ತಿರುಗುವಾಗಲೇ. ಅದಕ್ಕಿಂತ ದೊಡ್ಡ ಗುಣ ಅದರ ಸರಳತೆ. ಇಂಧನವನ್ನು ಅಳೆದು ಸಿಂಪಡಿಸುವ ಪಂಪು ಸಂಪೂರ್ಣ ಯಾಂತ್ರಿಕವಾದುದು. ಎಷ್ಟು ಡೀಸೆಲ್, ಯಾವ ಕ್ಷಣಕ್ಕೆ ಎಂಬುದನ್ನು ತೀರ್ಮಾನಿಸುವುದು ಸ್ಪ್ರಿಂಗು, ತೂಕದ ಗುಂಡು ಮತ್ತು ಹಲ್ಲಿನ ಚಕ್ರ. ಒಮ್ಮೆ ಚಾಲೂ ಆದ ಮೇಲೆ ಇಂಧನದ ಬಾಯಿಯನ್ನು ತೆರೆದಿಡುವ ಒಂದು ಪುಟ್ಟ ವ್ಯವಸ್ಥೆಯನ್ನು ಬಿಟ್ಟರೆ ಎಂಜಿನ್ ಓಡಲು ವಿದ್ಯುತ್ತೇ ಬೇಕಿಲ್ಲ. ಗಣಕವಿಲ್ಲ, ಗುಪ್ತಸಂಕೇತವಿಲ್ಲ. ಕಣ್ಣಿಗೆ ಕಾಣುವ, ಸ್ಪ್ಯಾನರಿಗೆ ಸಿಗುವ ಯಂತ್ರ ಇದು.

ಇಂತಹ ಎಂಜಿನ್ನಿಗೆ ಜೊತೆಯಾಗಿದ್ದ ಸ್ವಯಂಚಾಲಿತ ಗೇರ್‌ಬಾಕ್ಸು ಮಾತ್ರ ದುರ್ಬಲವಾಗಿತ್ತು. ಪೆಟ್ರೋಲ್ ಕಾರುಗಳ ಕಾಲದ ವಿನ್ಯಾಸವನ್ನೇ ಹಿಗ್ಗಿಸಿ ಡೀಸೆಲ್ಲಿನ ಬೆನ್ನಿಗೆ ಕಟ್ಟಿದ್ದರು. ಭಾರ ಎಳೆಯುವಾಗ ಅದು ಕಾಯುತ್ತಿತ್ತು, ಜಾರುತ್ತಿತ್ತು, ಕೊನೆಗೆ ಕೈಕೊಡುತ್ತಿತ್ತು. ಎಂಜಿನ್ ಗಟ್ಟಿ, ಗೇರ್‌ಬಾಕ್ಸು ಸೊರಗು. ಆಗ ಮಾಲೀಕನ ಮುಂದೆ ಎರಡು ದಾರಿ: ಇಡೀ ಟ್ರಕ್ಕನ್ನು ಗುಜರಿಗೆ ನೂಕುವುದು; ಇಲ್ಲವೇ ಸೊರಗಿದ ಅಂಗವನ್ನಷ್ಟೇ ಬದಲಿಸುವುದು.

ಗೇರ್‌ಬಾಕ್ಸ್ ಮಾಡುವ ಕೆಲಸವೇನು?

ಕ್ಲಚ್ಚಿನ ಗಾಡಿಯಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಒತ್ತಿ ಹಿಡಿಯುವ ತಟ್ಟೆಯಿರುತ್ತದೆ. ಸ್ವಯಂಚಾಲಿತ ವಾಹನದಲ್ಲಿ ಅದರ ಬದಲು ಎಣ್ಣೆ ತುಂಬಿದ ಟಾರ್ಕ್ ಕನ್ವರ್ಟರ್ ಇರುತ್ತದೆ. ಎದುರುಬದುರಾಗಿಟ್ಟ ಎರಡು ಫ್ಯಾನುಗಳನ್ನು ಊಹಿಸಿಕೊಳ್ಳಿ. ಒಂದನ್ನು ಎಂಜಿನ್ ತಿರುಗಿಸುತ್ತದೆ, ಅದು ಎರಚಿದ ಎಣ್ಣೆಯ ರಭಸಕ್ಕೆ ಇನ್ನೊಂದು ತಿರುಗುತ್ತದೆ. ಇದರಿಂದ ಏರಿನಲ್ಲಿ ಹಿಂಜಾರದೆ ನಯವಾಗಿ ಹೊರಡಬಹುದು. ಆದರೆ ಎರಡರ ನಡುವಿನ ಜಾರಾಟವೆಲ್ಲ ಬಿಸಿಯಾಗಿ ಪೋಲಾಗುತ್ತದೆ. ಆ ಪೋಲನ್ನು ತಡೆಯಲು ನಿರ್ದಿಷ್ಟ ವೇಗದ ನಂತರ ಎರಡನ್ನೂ ಒಂದಾಗಿ ಬಿಗಿಯುವ ಕ್ಲಚ್ಚನ್ನು ಒಳಗೇ ಇಟ್ಟಿರುತ್ತಾರೆ. ಹಳೆಯ ಗೇರ್‌ಬಾಕ್ಸಿನಲ್ಲಿ ಈ ಬಿಗಿತ ಮೇಲಿನ ಗೇರುಗಳಿಗೆ ಮಾತ್ರ ಲಭ್ಯ. ಹೊಸದರಲ್ಲಿ ಕೆಳಗಿನ ಗೇರುಗಳಲ್ಲೂ ಸಿಗುತ್ತದೆ. ಘಟ್ಟದ ದಾರಿ ಬಲ್ಲವರಿಗೆ ಇದರ ಬೆಲೆ ತಿಳಿಯುತ್ತದೆ. ಹತ್ತುವಾಗ ಎಣ್ಣೆ ಕಾಯುವುದು ಕಡಿಮೆ. ಇಳಿಯುವಾಗ ಎಂಜಿನ್ನೇ ಗಾಡಿಯನ್ನು ಹಿಡಿದು ನಿಲ್ಲಿಸುವುದರಿಂದ ಬ್ರೇಕಿಗೆ ವಿಶ್ರಾಂತಿ.

ಲೆಕ್ಕದಲ್ಲಿಯೇ ಹೇಳುವುದಾದರೆ, 1994–95ರ ಡಾಡ್ಜ್ ಪಿಕಪ್ಪಿನ ಗೇರ್‌ಬಾಕ್ಸಿನ ಹೆಸರು 47ಆರ್‌ಎಚ್. ಅದರಲ್ಲಿ ನಾಲ್ಕು ಗೇರು. ಮೊದಲ ಗೇರಿನ ಅನುಪಾತ 2.45, ಕೊನೆಯದು 0.69. ಅದೇ ಮನೆತನದಲ್ಲಿ 2007ರಲ್ಲಿ ಬಂದ 68ಆರ್‌ಎಫ್‌ಇ ಎಂಬುದರಲ್ಲಿ ಆರು ಗೇರು. ಮೊದಲನೆಯದು 3.23, ಕೊನೆಯದು 0.63. ಹೊಸದನ್ನು ಕೂರಿಸಿದರೆ ಭಾರ ಹೊತ್ತು ಹೊರಡುವಾಗ ಚಕ್ರಕ್ಕೆ ಸಿಗುವ ಬಲ ಶೇಕಡಾ 30ಕ್ಕಿಂತ ಹೆಚ್ಚಾಗುತ್ತದೆ. ಹೆದ್ದಾರಿಯ ಓಟದಲ್ಲಿ ಎಂಜಿನ್ ತಿರುಗುವ ವೇಗ ಸುಮಾರು ಶೇಕಡಾ 9ರಷ್ಟು ಇಳಿಯುತ್ತದೆ. ಇಂಧನದಲ್ಲಿ ಪವಾಡವೇನೂ ಆಗದು, ಉಳಿತಾಯ ಮಿತವಾದುದೇ. ನಿಜವಾದ ಲಾಭ ಬೇರೆ: ಇಡೀ ವಾಹನ ಸಾಯದೆ ಉಳಿಯುತ್ತದೆ.

ಹೆಸರುಗಳ ಕೊನೆಯ ಅಕ್ಷರಗಳನ್ನು ಗಮನಿಸಿ. ಹಳೆಯದರ ಕೊನೆಯ ‘ಎಚ್’ ಎಂದರೆ ಹೈಡ್ರಾಲಿಕ್. ಎಣ್ಣೆಯ ಒತ್ತಡವೇ ಅಲ್ಲಿ ಮುಖ್ಯವಾಗಿ ಗೇರು ಬದಲಿಸುತ್ತದೆ. ಹೊಸದರ ‘ಎಫ್‌ಇ’ ಎಂದರೆ ಪೂರ್ತಿ ಎಲೆಕ್ಟ್ರಾನಿಕ್. ಎಣ್ಣೆಗೆ ಅಪ್ಪಣೆ ಕೊಡಲು ಅಲ್ಲಿ ಗಣಕ ಬೇಕು. ಕಳೆದ ಮೂರು ದಶಕಗಳಲ್ಲಿ ಯಂತ್ರಗಳ ಮೇಲಿನ ಅಧಿಕಾರ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದು ಈ ಎರಡು ಹೆಸರುಗಳಲ್ಲೇ ಬರೆದಿದೆ.

ಕಸಿ ಎಲ್ಲಿ ಹಿಡಿಯುತ್ತದೆ, ಎಲ್ಲಿ ಸಾಯುತ್ತದೆ

ಹಿಪ್ಪಲಿಯ ಬೇರಿನ ಮೇಲೆ ಕರಿಮೆಣಸಿನ ಕುಡಿಯನ್ನು ಕಸಿ ಕಟ್ಟುವ ಕೃಷಿಕರಿಗೆ ಈ ಕೆಲಸದ ತತ್ತ್ವವನ್ನು ವಿವರಿಸಬೇಕಾಗಿಲ್ಲ. ಬೇರು ಸೊರಗು ರೋಗವನ್ನು ತಡೆದುಕೊಳ್ಳುತ್ತದೆ, ಕುಡಿ ಫಲ ಕೊಡುತ್ತದೆ. ಎರಡರ ನಾಳಗಳು ಕೂಡಬೇಕು, ಅಷ್ಟೆ. ವಾಹನದಲ್ಲೂ ಮೊದಲ ಹಂತ ಇಂತಹುದೇ. ಎಂಜಿನ್ನಿನ ಹಿಂಬದಿಯ ಬೋಲ್ಟ್ ರಂಧ್ರಗಳಿಗೂ ಗೇರ್‌ಬಾಕ್ಸಿನ ಮುಖಕ್ಕೂ ಹೊಂದದಿದ್ದರೆ ನಡುವೆ ಒಂದು ದಪ್ಪ ಲೋಹದ ತಟ್ಟೆ ಬೇಕು. ಕ್ರ್ಯಾಂಕಿನ ಮಧ್ಯಬಿಂದುವೂ ಗೇರ್‌ಬಾಕ್ಸಿನ ಮಧ್ಯಬಿಂದುವೂ ಒಂದೇ ಗೆರೆಯಲ್ಲಿ ನಿಲ್ಲಬೇಕು. ಕೂದಲೆಳೆಯಷ್ಟು ವಾರೆಯಾದರೂ ಎಣ್ಣೆಪಂಪಿನ ಸೀಲು ಹರಿಯುತ್ತದೆ. ಕನ್ವರ್ಟರ್ ಕೂರುವ ಆಳ ಸರಿಯಾಗಿರಬೇಕು. ಹೊತ್ತು ನಿಲ್ಲುವ ಅಡ್ಡಪಟ್ಟಿಯನ್ನು ಹಿಂದೆ ಸರಿಸಬೇಕು. ಪ್ರೊಪೆಲ್ಲರ್ ಶಾಫ್ಟನ್ನು ಹೊಸ ಅಳತೆಗೆ ಕತ್ತರಿಸಿ ತೂಕ ಸಮ ಮಾಡಬೇಕು. ಎಣ್ಣೆ ತಂಪಾಗಿಸುವ ಕೂಲರನ್ನು ದೊಡ್ಡದಾಗಿಸಬೇಕು. ನಾಲ್ಕೂ ಚಕ್ರಕ್ಕೆ ಬಲ ಹಂಚುವ ಪೆಟ್ಟಿಗೆಯ ಹಲ್ಲುಗಳು ಹೊಂದುತ್ತವೆಯೇ ನೋಡಬೇಕು. ಶ್ರಮದ ಕೆಲಸ, ನಿಜ. ಆದರೆ ಲೇತ್, ವೆಲ್ಡಿಂಗ್ ಮತ್ತು ತಾಳ್ಮೆಯಿರುವ ಯಾವ ಮೇಸ್ತ್ರಿಗೂ ಅಸಾಧ್ಯವಾದುದಲ್ಲ.

ಇಷ್ಟೆಲ್ಲ ಆದಮೇಲೆ ಕೀಲಿ ತಿರುಗಿಸಿದರೆ ಎಂಜಿನ್ ಗುಡುಗುತ್ತದೆ. ಟ್ರಕ್ಕು ಸರಿಯಾಗಿ ಗೇರು ಬದಲಿಸದೆ ಪೆಚ್ಚಾಗಿ ನಿಲ್ಲುತ್ತದೆ.

ಏಕೆಂದರೆ ಹೊಸ ಗೇರ್‌ಬಾಕ್ಸು ಪ್ರತಿ ಕ್ಷಣವೂ ಪ್ರಶ್ನೆ ಕೇಳುತ್ತಿರುತ್ತದೆ: ಎಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತಿದೆ? ಚಾಲಕ ಎಷ್ಟು ಒತ್ತಿದ್ದಾನೆ? ಈಗ ಎಷ್ಟು ಬಲ ಹೊರಡುತ್ತಿದೆ? ಈ ಪ್ರಶ್ನೆಗಳಿಗೆ ಉತ್ತರ ಬರಬೇಕಾದದ್ದು ಎಂಜಿನ್ನಿನ ಗಣಕದಿಂದ. ನಮ್ಮ ಹಳೆಯ ಎಂಜಿನ್ನಿಗೆ ಗಣಕವೇ ಇಲ್ಲ. ಪರಿಹಾರವಿದೆ. ಇಂಧನ ಪಂಪಿನ ಸನ್ನೆಯ ಮೇಲೆ ಅದರ ಸ್ಥಾನವನ್ನು ಅಳೆಯುವ ಸೆನ್ಸರನ್ನೂ ಕ್ರ್ಯಾಂಕಿನ ಬಳಿ ತಿರುಗುವ ವೇಗವನ್ನು ಅಳೆಯುವ ಇನ್ನೊಂದನ್ನೂ ಕೂರಿಸಿ, ಗೇರ್‌ಬಾಕ್ಸಿಗೆ ಅಪ್ಪಣೆ ಕೊಡುವ ಸ್ವತಂತ್ರ ನಿಯಂತ್ರಕವನ್ನು ಜೋಡಿಸಿದರಾಯಿತು. ಆದರೆ ಆ ನಿಯಂತ್ರಕವನ್ನು ತಯಾರಿಸಲು ಗೇರ್‌ಬಾಕ್ಸಿನ ಭಾಷೆ ತಿಳಿಯಬೇಕು. ಆ ಭಾಷೆಯನ್ನು ತಯಾರಕರು ಮಾಲೀಕನಿಗೆ ಹೇಳುವುದಿಲ್ಲ. ಸಣ್ಣಪುಟ್ಟ ಸಂಸ್ಥೆಗಳು ಮತ್ತು ಹವ್ಯಾಸಿಗಳು ತಿಂಗಳುಗಟ್ಟಲೆ ಕುಳಿತು, ತಂತಿಯಲ್ಲಿ ಹರಿಯುವ ಸಂಕೇತಗಳನ್ನು ಕದ್ದಾಲಿಸಿ ಅದನ್ನು ಬಿಡಿಸಬೇಕಾಗಿದೆ. ಇನ್ನೂ ಈಚಿನ ಕೆಲವು ಗೇರ್‌ಬಾಕ್ಸುಗಳಲ್ಲಿ ಗಣಕ ಹೊರಗಿಲ್ಲ. ಒಳಗೇ ಎಣ್ಣೆಯಲ್ಲಿ ಮುಳುಗಿ ಕುಳಿತಿರುತ್ತದೆ. ಅವುಗಳಲ್ಲಿ ಕೆಲವು, ಹುಟ್ಟಿದ ವಾಹನದ ಗುರುತನ್ನು ನೆನಪಿಟ್ಟುಕೊಂಡು ಬೇರೆ ವಾಹನದಲ್ಲಿ ದುಡಿಯಲು ನಿರಾಕರಿಸುತ್ತವೆ.

ಮೆಣಸಿನ ಕುಡಿಯೊಂದು ತಾನು ಇಂಥ ನರ್ಸರಿಯ ಬೇರಿನ ಮೇಲಲ್ಲದೆ ಬೇರೆಲ್ಲೂ ಚಿಗುರುವುದಿಲ್ಲ ಎಂದು ಹಟ ಹಿಡಿದರೆ ನಾವು ಅದನ್ನು ಪ್ರಕೃತಿ ನಿಯಮ ಎನ್ನುತ್ತಿದ್ದೆವೇ? ಯಾರೋ ಅದರೊಳಗೆ ಏನನ್ನೋ ಸೇರಿಸಿದ್ದಾರೆ ಎನ್ನುತ್ತಿದ್ದೆವು. ಇಲ್ಲಿಯೂ ಸೇರಿಸಿದ್ದಾರೆ. ಬೆಲೆ ಕೊಟ್ಟು ಕೊಂಡ ಲೋಹ ರೈತನದು. ಅದನ್ನು ಅಲುಗಾಡಿಸುವ ಅಪ್ಪಣೆ ಕಂಪನಿಯದು.

ಬೀಗದ ಹಿಂದೆ ಏನಿತ್ತು?

ತಯಾರಕರ ವಾದ ನಮಗೆ ಗೊತ್ತಿದೆ. ತಂತ್ರಾಂಶವನ್ನು ತೆರೆದಿಟ್ಟರೆ ಜನ ಅದನ್ನು ತಿದ್ದಿ ಹೊಗೆ ಉಗುಳುತ್ತಾರೆ. ಬೀಗ ಪರಿಸರದ ರಕ್ಷಣೆಗಾಗಿಯೇ ಇದೆ ಎನ್ನುತ್ತಾರೆ. ಇದರಲ್ಲಿ ಅರ್ಧ ಸತ್ಯವಿದೆ ಎಂಬುದನ್ನು ನಾವು ಮುಚ್ಚಿಡಬಾರದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 2020ರಲ್ಲಿ ಅಂದಾಜು ಮಾಡಿದಂತೆ, ಅಲ್ಲಿ ಒಂದು ದಶಕದಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್ಪುಗಳ ಹೊಗೆ ನಿಯಂತ್ರಣ ಸಾಧನಗಳನ್ನು ಮಾಲೀಕರು ತೆಗೆಸಿಹಾಕಿದ್ದರು. ಬೇಕೆಂದೇ ಕರಿಹೊಗೆಯನ್ನು ದಾರಿಹೋಕರ ಮುಖಕ್ಕೆ ಉಗುಳಿ ನಗುವ ಒಂದು ವಿಕೃತ ಮೋಜೂ ಅಲ್ಲಿದೆ. ದುರಸ್ತಿಯ ಹಕ್ಕಿನ ಹೆಸರಿನಲ್ಲಿ ಇದನ್ನು ಸಮರ್ಥಿಸುವವರು ನಮ್ಮ ಮಿತ್ರರಲ್ಲ. ಗೇರ್‌ಬಾಕ್ಸು ಬದಲಿಸುವುದು ದುರಸ್ತಿ. ಹೊಗೆಯ ಜಾಲರಿಯನ್ನು ಕಿತ್ತೆಸೆಯುವುದು ಅಪರಾಧ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಎಂಬುದಷ್ಟೇ ನಮ್ಮ ಮಾತು.

ಆದರೆ ಉಳಿದರ್ಧ ಸತ್ಯ ಕೇಳಿ. ಅದೇ ಕಮಿನ್ಸ್ ಕಂಪನಿಯ ಹೊಸ ಗಣಕೀಕೃತ ಎಂಜಿನ್‌ಗಳುಳ್ಳ 2013ರಿಂದ 2019ರವರೆಗಿನ ಸುಮಾರು 6,30,000 ಪಿಕಪ್ಪುಗಳಲ್ಲಿ ಹೊಗೆ ನಿಯಂತ್ರಣವನ್ನು ತಪ್ಪಿಸುವ ತಂತ್ರವಿತ್ತೆಂದು ಅಮೆರಿಕದ ಸರ್ಕಾರ ಆರೋಪಿಸಿತು. ತಪ್ಪೊಪ್ಪಿಕೊಳ್ಳದೆಯೇ ಕಂಪನಿಯು 167.5 ಕೋಟಿ ಡಾಲರ್ ದಂಡ ತೆರಲು 2023ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಅಲ್ಲಿನ ಶುದ್ಧ ಗಾಳಿ ಕಾಯಿದೆಯ ಚರಿತ್ರೆಯಲ್ಲಿ ಅಲ್ಲಿಯವರೆಗಿನ ಅತಿ ದೊಡ್ಡ ನಾಗರಿಕ ದಂಡ ಅದು. 2015ರಲ್ಲಿ ಬಯಲಾದ ಫೋಕ್ಸ್‌ವ್ಯಾಗನ್ ಹಗರಣವನ್ನು ನೆನಪಿಸಿಕೊಳ್ಳಿ. ಅಲ್ಲಿಯೂ ವಂಚನೆ ಅಡಗಿದ್ದುದು ತಂತ್ರಾಂಶದಲ್ಲಿ. ಹಳೆಯ ಯಾಂತ್ರಿಕ ಪಂಪು ಹೊಗೆ ಬಿಡುತ್ತದೆ, ಆದರೆ ಸುಳ್ಳು ಹೇಳಲಾರದು. ಅದರ ದೋಷ ಹಿಂದೆ ಬರುವ ಸೈಕಲ್ ಸವಾರನಿಗೂ ಕಾಣುತ್ತದೆ. ಬೀಗ ಹಾಕಿದ ತಂತ್ರಾಂಶದೊಳಗಿನ ದೋಷ ಯಾರಿಗೂ ಕಾಣದು. ಹೀಗಿರುವಾಗ ಬೀಗವೇ ಪರಿಸರದ ಕಾವಲುಗಾರ ಎಂಬ ವಾದವನ್ನು ಹೇಗೆ ನಂಬುವುದು?

ಅಮೆರಿಕದ ರೈತರು ನಂಬಲಿಲ್ಲ. ಟ್ರಾಕ್ಟರ್ ಮತ್ತು ವಾಹನಗಳ ಮಾಲೀಕರು ದುರಸ್ತಿಗಾಗಿ ತಂತ್ರಾಂಶದ ಬೀಗ ಬಿಚ್ಚುವುದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲವೆಂದು 2015ರಲ್ಲಿ ಅಲ್ಲಿ ವಿನಾಯಿತಿ ಪ್ರಕಟವಾಯಿತು. ಮಾಲೀಕನ ಪರವಾಗಿ ಮೆಕ್ಯಾನಿಕ್ ಆ ಕೆಲಸ ಮಾಡಬಹುದೆಂಬುದು ಸೇರಲು 2018 ಬರಬೇಕಾಯಿತು. ಕೊಲರಾಡೊ ರಾಜ್ಯವು 2023ರಲ್ಲಿ ಕೃಷಿಯಂತ್ರಗಳ ದುರಸ್ತಿ ಹಕ್ಕಿಗೆ ಪ್ರತ್ಯೇಕ ಕಾನೂನನ್ನೇ ಮಾಡಿತು. 2025ರ ಜನವರಿಯಲ್ಲಿ ಅಲ್ಲಿನ ಫೆಡರಲ್ ವ್ಯಾಪಾರ ಆಯೋಗವು ದುರಸ್ತಿಯ ಏಕಸ್ವಾಮ್ಯದ ವಿರುದ್ಧ ಟ್ರಾಕ್ಟರ್ ತಯಾರಕ ಸಂಸ್ಥೆ ಜಾನ್ ಡಿಯರ್ ಮೇಲೆ ದಾವೆ ಹೂಡಿತು. ಇವೆಲ್ಲ ಮೇಲಿನಿಂದ ಇಳಿದ ವರಗಳಲ್ಲ. ಸ್ಪ್ಯಾನರ್ ಹಿಡಿದ ಕೈಗಳು ವರ್ಷಾನುಗಟ್ಟಲೆ ಪ್ರತಿಭಟಿಸಿ ಪಡೆದುಕೊಂಡವು.

ನಮ್ಮಲ್ಲಿ ಕಾನೂನು ಏನನ್ನು ಎಣಿಸುತ್ತದೆ?

ನಮ್ಮ ಮಲೆನಾಡಿಗೂ ಈ ವಿದ್ಯೆ ಹೊಸತಲ್ಲ. ಪೆಟ್ರೋಲ್ ಕುಡಿಯುತ್ತಿದ್ದ ಹಳೆಯ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸಿ ದಶಕಗಳ ಕಾಲ ಓಡಿಸಿದ ಗ್ಯಾರೇಜುಗಳು ನಮ್ಮ ಪೇಟೆಗಳಲ್ಲಿದ್ದವು. ಅಡಿಕೆ ಮೂಟೆ, ಗೊಬ್ಬರ, ಆಸ್ಪತ್ರೆಗೆ ಹೊರಟ ಬಾಣಂತಿ, ಎಲ್ಲರನ್ನೂ ಹೊತ್ತದ್ದು ಹೀಗೆ ಕಸಿ ಕಟ್ಟಿದ ಜೀಪುಗಳೇ. ಇಂದು ಹೊಸ ಪಿಕಪ್ಪಿನ ಒಂದು ಸೆನ್ಸರ್ ಕೆಟ್ಟರೆ ಗಣಕ ಎಂಜಿನ್ನಿನ ಶಕ್ತಿಯನ್ನು ಕುಗ್ಗಿಸಿಬಿಡುತ್ತದೆ; ದೋಷ ಯಾವುದೆಂದು ಓದುವ ಉಪಕರಣವಿರುವ ಊರಿಗೆ ಅದನ್ನು ಎಳೆದೊಯ್ಯಬೇಕು. ಮಳೆಗಾಲದಲ್ಲಿ ಸಂಕ ಮುಳುಗಿದ ಊರಿನವರಿಗೆ ಇದು ಬರಿಯ ಅನಾನುಕೂಲವಲ್ಲ.

ಸ್ವಯಂಚಾಲಿತ ಗೇರ್‌ಬಾಕ್ಸನ್ನು ಸಿರಿವಂತರ ಶೋಕಿ ಎಂದು ತಳ್ಳಿಹಾಕುವವರೂ ಇದ್ದಾರೆ. ಮಂಡಿ ಸವೆದ ಎಪ್ಪತ್ತರ ರೈತ, ಎಡಗಾಲಿನ ಬಲ ಕಳೆದುಕೊಂಡವರು ಘಟ್ಟದ ತಿರುವಿನಲ್ಲಿ ನಿಮಿಷಕ್ಕೆ ಹತ್ತು ಬಾರಿ ಕ್ಲಚ್ ತುಳಿಯಲಾರರು. ಮಕ್ಕಳೆಲ್ಲ ಬೆಂಗಳೂರು ಸೇರಿದ ಮನೆಗಳಲ್ಲಿ ಗಾಡಿ ನಡೆಸಬೇಕಾದವರು ಅವರೇ. ಅವರ ಹಳೆಯ ಗಾಡಿಗೆ ಇಂಥದೊಂದು ಗೇರ್‌ಬಾಕ್ಸ್ ಹೊಂದುವುದಾದರೆ ಅದನ್ನು ಕೂರಿಸುವುದು ಶೋಕಿಯಲ್ಲ.

ಆದರೆ ಕಾನೂನು ಏನೆನ್ನುತ್ತದೆ? ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಬೇರೆಯಾಗುವ ಹಾಗೆ ಮಾಲೀಕ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವೂ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ, ಅನುಮತಿಯಿಲ್ಲದ ಪ್ರತಿ ಮಾರ್ಪಾಟಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಆಗಬಹುದು. ಅನಿಲ ಇಂಧನದ ಕಿಟ್ಟಿಗೆ, ಅಂಗವಿಕಲರಿಗಾಗಿ ಮಾಡುವ ಮಾರ್ಪಾಟಿಗೆ ದಾರಿಗಳಿವೆ. ಆದರೆ ಗೇರ್‌ಬಾಕ್ಸು ಬದಲಿಸಿದ ಸಾಮಾನ್ಯ ರೈತ ತಾನು ಯಾವ ಕಡೆಗೆ ಬೀಳುತ್ತೇನೆಂದು ತಿಳಿಯದೆ ಮಬ್ಬಿನಲ್ಲಿ ನಿಲ್ಲುತ್ತಾನೆ. ಬ್ರೇಕು, ಚೌಕಟ್ಟು, ಚಕ್ರಗಳ ಸುರಕ್ಷತೆಗೆ ನಿಯಮ ಬೇಕೇ ಬೇಕು. ಒಳ್ಳೆಯ ದುರಸ್ತಿಯನ್ನು ಪರೀಕ್ಷಿಸಿ ಒಪ್ಪುವ ಸುಲಭ ದಾರಿಯೂ ಅಷ್ಟೇ ಬೇಕು.

ಇನ್ನು ವಯಸ್ಸಿನ ಮಾತು. 2021ರ ಗುಜರಿ ನೀತಿಯು ಖಾಸಗಿ ವಾಹನವನ್ನು ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ಒಡೆಯಿರಿ ಎನ್ನುವುದಿಲ್ಲ. ಪರೀಕ್ಷೆಯಲ್ಲಿ ಸೋತರೆ ಎನ್ನುತ್ತದೆ. ಆದರೆ ಶುಲ್ಕ ಬೇರೆ ಮಾತಾಡುತ್ತದೆ. 15 ವರ್ಷ ದಾಟಿದ ಖಾಸಗಿ ಲಘು ವಾಹನದ ಮರುನೋಂದಣಿ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000ಕ್ಕೆ ಜಿಗಿಯಿತು. 20 ವರ್ಷ ದಾಟಿದವುಗಳಿಗೆ 2025ರ ಆಗಸ್ಟಿನಲ್ಲಿ ಅದು 10,000 ಆಯಿತು. ಸರ್ಕಾರಿ ವಾಹನಗಳಿಗಾದರೋ 2023ರ ಏಪ್ರಿಲಿನಿಂದ 15 ವರ್ಷವೇ ಆಯುಷ್ಯದ ಕೊನೆ. ಗಟ್ಟಿಯಾಗಿದೆಯೋ ಜೀರ್ಣವಾಗಿದೆಯೋ ಎಂಬ ಪ್ರಶ್ನೆಯೇ ಇಲ್ಲ.

ಕಾನೂನು ವರ್ಷಗಳನ್ನು ಎಣಿಸುತ್ತದೆ. ವಾತಾವರಣ ಎಣಿಸುವುದು ಸುಟ್ಟ ಇಂಧನವನ್ನು. ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಲಿ. ಹಳ್ಳಿಯ ಪಿಕಪ್ಪೊಂದು ವರ್ಷಕ್ಕೆ 4,000 ಕಿಲೋಮೀಟರ್ ಓಡುತ್ತದೆ, ಲೀಟರಿಗೆ 12 ಕಿಲೋಮೀಟರ್ ಕೊಡುತ್ತದೆ ಎಂದಿಟ್ಟುಕೊಳ್ಳಿ. ಸುಡುವುದು ಸುಮಾರು 333 ಲೀಟರ್. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್. ವರ್ಷಕ್ಕೆ 900 ಕಿಲೋ. ಹೊಸ ವಾಹನ ಶೇಕಡಾ 15ರಷ್ಟು ಮಿತವ್ಯಯಿ ಎಂದರೆ ಉಳಿತಾಯ 135 ಕಿಲೋ. ಆ ಹೊಸ ವಾಹನದಲ್ಲಿ 1,200 ಕಿಲೋ ಉಕ್ಕಿದೆ ಎನ್ನೋಣ. ಅದಿರಿನಿಂದ ಒಂದು ಕಿಲೋ ಉಕ್ಕು ಮಾಡಲು ಸುಮಾರು 2 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ. ಉಕ್ಕಿನದೇ 2,400 ಕಿಲೋ ಆಯಿತು. ಟೈರು, ಗಾಜು, ಪ್ಲಾಸ್ಟಿಕ್ಕು ಬೇರೆ. ಈ ಸಾಲ ತೀರಲು ಸುಮಾರು 18 ವರ್ಷ ಬೇಕು! ಗುಜರಿಯ ಉಕ್ಕನ್ನು ಕರಗಿಸಿ ಮರುಬಳಸುವುದರಿಂದ ಇದು ಅರ್ಧಕ್ಕಿಳಿಯಿತು ಎಂದರೂ 9 ವರ್ಷ. ಅದೇ ವಾಹನ ನಗರದಲ್ಲಿ ವರ್ಷಕ್ಕೆ 40,000 ಕಿಲೋಮೀಟರ್ ಓಡಿದರೆ ಪೂರ್ತಿ ಸಾಲ ಎರಡು ವರ್ಷದೊಳಗೇ ತೀರುತ್ತದೆ. ಹಾಗಾದರೆ ಗುಜರಿಗೆ ಹೋಗಬೇಕಾದದ್ದು ಯಾವುದು? ಉತ್ತರ ವಾಹನದ ವಯಸ್ಸಿನಲ್ಲಿಲ್ಲ, ಅದರ ಓಟದಲ್ಲಿದೆ.

ನಮ್ಮ ಮಿತ್ರರ ಆಕ್ಷೇಪ

ಪರಿಸರ ಚಳವಳಿಯ ಕೆಲವು ಮಿತ್ರರು ಹೇಳುವುದುಂಟು: ಇಂಗಾಲದ ಲೆಕ್ಕ ಸರಿ, ಮಸಿಯ ಲೆಕ್ಕವೇನು? ಈ ಆಕ್ಷೇಪವನ್ನು ಹಾರಿಸಿ ಮುಂದೆ ಹೋಗುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್‌ಕಾರಕವೆಂದು ನಿಸ್ಸಂದಿಗ್ಧವಾಗಿ ಘೋಷಿಸಿದೆ. 2020ರ ಏಪ್ರಿಲಿನಿಂದ ಬಂದ ಬಿಎಸ್-6 ಮಾನದಂಡದ ಡೀಸೆಲ್ ವಾಹನಗಳಲ್ಲಿ ಮಸಿ ಹಿಡಿಯುವ ಜಾಲರಿಯಿದೆ, ಹಳೆಯವುಗಳಲ್ಲಿಲ್ಲ. ಮಸಿಯ ವಿಷಯದಲ್ಲಿ ಹೊಸದೇ ಮೇಲು, ಇದರಲ್ಲಿ ವಾದವಿಲ್ಲ. ಹೊಸ ಗೇರ್‌ಬಾಕ್ಸು ಕೂರಿಸಿದ ಮಾತ್ರಕ್ಕೆ ಹಳೆಯ ಎಂಜಿನ್ ಗಂಗಾಸ್ನಾನ ಮಾಡಿದಂತಾಗದು.

ಆದ್ದರಿಂದ ನಮ್ಮ ನಿಲುವು ಮಿತಿಯುಳ್ಳದ್ದು. ಇಕ್ಕಟ್ಟಾದ ನಗರದಲ್ಲಿ ಹಗಲಿರುಳು ಓಡುವ ಹಳೆಯ ಡೀಸೆಲ್ ಹೋಗಲಿ. ವರ್ಷಕ್ಕೆ ಕೆಲವೇ ಸಾವಿರ ಕಿಲೋಮೀಟರ್ ತಿರುಗುವ ಹಳ್ಳಿಯ ಗಾಡಿ, ಇಂಜೆಕ್ಟರ್ ನಳಿಕೆ ಶುದ್ಧವಾಗಿದ್ದು, ಪಂಪಿನ ಅಳತೆ ಸರಿಯಿದ್ದು, ಹೊಗೆಯ ಪರೀಕ್ಷೆಯಲ್ಲಿ ಪ್ರಾಮಾಣಿಕವಾಗಿ ಗೆದ್ದರೆ ಉಳಿಯಲಿ. ಪರೀಕ್ಷೆಯೆಂದರೆ ಹಣ ಕೊಟ್ಟು ತರುವ ಚೀಟಿಯಲ್ಲ, ಅಳತೆಯಾಗಬೇಕು. ಇಷ್ಟು ಶಿಸ್ತಿಗೆ ಒಪ್ಪದವನು ದುರಸ್ತಿಯ ಹಕ್ಕಿನ ಬಗ್ಗೆ ಮಾತನಾಡಬಾರದು.

ಕೇಳಬೇಕಾದ್ದೇನು?

ಭಾರತ ಸರ್ಕಾರವು 2022ರ ಜುಲೈನಲ್ಲಿ ದುರಸ್ತಿಯ ಹಕ್ಕಿನ ಕುರಿತು ಸಮಿತಿ ರಚಿಸಿ, ಕೃಷಿ ಉಪಕರಣ ಮತ್ತು ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಡಿಸೆಂಬರಿನಲ್ಲಿ ಒಂದು ಜಾಲತಾಣವೂ ಉದ್ಘಾಟನೆಯಾಯಿತು. ಜಾಲತಾಣ ಮಾಹಿತಿ ಕೊಡಬಲ್ಲದು, ಬೀಗ ತೆಗೆಸಲಾರದು. ನಮಗೆ ಬೇಕಾದದ್ದು ಇವು:

1. ಮಾರಾಟವಾದ ವಾಹನ ಮತ್ತು ಕೃಷಿಯಂತ್ರಗಳ ದುರಸ್ತಿ ಕೈಪಿಡಿ, ದೋಷಸಂಕೇತಗಳ ಅರ್ಥ ಹಾಗೂ ಅವನ್ನು ಓದುವ ಉಪಕರಣಗಳು ನ್ಯಾಯವಾದ ಬೆಲೆಗೆ ಯಾವ ಗ್ಯಾರೇಜಿಗಾದರೂ ದೊರೆಯಬೇಕು.

2. ಗುಜರಿಯ ವಾಹನದಿಂದ ತೆಗೆದ ಸುಸ್ಥಿತಿಯ ಬಿಡಿಭಾಗ ಬೇರೆ ವಾಹನದಲ್ಲಿ ದುಡಿಯದಂತೆ ತಂತ್ರಾಂಶದಿಂದ ತಡೆಯುವುದನ್ನು ನಿಷೇಧಿಸಬೇಕು. ಕಳವಿನ ಭಯವಿದ್ದರೆ ಅದಕ್ಕೆ ಮಾಲೀಕತ್ವದ ದಾಖಲೆ ಇದೆ.

3. ಗೇರ್‌ಬಾಕ್ಸ್‌ನಂತಹ ಬದಲಾವಣೆಯನ್ನು ಬ್ರೇಕು, ಭಾರ ಮತ್ತು ಹೊಗೆಯ ಪರೀಕ್ಷೆಗೊಳಪಡಿಸಿ ಒಪ್ಪುವ ವ್ಯವಸ್ಥೆ ಜಿಲ್ಲೆಗೊಂದಾದರೂ ಇರಬೇಕು. ಹೊಗೆ ನಿಯಂತ್ರಣ ಸಾಧನ ಕಿತ್ತವರಿಗೆ ಮಾತ್ರ ಯಾವ ರಿಯಾಯಿತಿಯೂ ಬೇಡ.

4. ಮರುನೋಂದಣಿಯ ಶುಲ್ಕ ವಯಸ್ಸಿನೊಂದಿಗೆ ಏರುವ ಬದಲು ವಾಹನದ ಓಟ ಮತ್ತು ಹೊಗೆಯನ್ನು ಅವಲಂಬಿಸಬೇಕು.

5. ಐಟಿಐ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಹಳೆಯದನ್ನು ಉಳಿಸುವ ವಿದ್ಯೆಯನ್ನೂ ಕಲಿಸಬೇಕು. ಭಾಗ ಬದಲಿಸುವವನು ಬೇರೆ, ದುರಸ್ತಿ ಬಲ್ಲವನು ಬೇರೆ.

ಇದು ಈಡೇರದ ಕನಸು ಎನ್ನುವವರಿಗೆ ಒಂದು ಸಂಗತಿಯನ್ನು ನೆನಪಿಸಬೇಕು. ಬೀಜದ ಮೇಲೆ ಕಂಪನಿಗಳ ಹಿಡಿತ ಬಿಗಿಯುತ್ತಿದ್ದ ಕಾಲದಲ್ಲಿಯೇ, 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಲ್ಲಿ ಈ ದೇಶ ಒಂದು ಮಾತನ್ನು ಬರೆಯಿತು. ಸಂರಕ್ಷಿತ ತಳಿಯ ಬೀಜವನ್ನೂ ರೈತ ಉಳಿಸಿಕೊಳ್ಳಬಹುದು, ಮತ್ತೆ ಬಿತ್ತಬಹುದು, ನೆರೆಯವನಿಗೆ ಕೊಡಬಹುದು. ಬ್ರಾಂಡಿನ ಹೆಸರಿನಲ್ಲಿ ಮಾರುವಂತಿಲ್ಲ, ಅಷ್ಟೆ. ತಳಿ ರೂಪಿಸಿದವನ ಹಕ್ಕೂ ಉಳಿಯಿತು, ಬಿತ್ತುವವನ ಹಕ್ಕೂ ಉಳಿಯಿತು. ಬೀಜಕ್ಕೆ ಸಲ್ಲುವ ನ್ಯಾಯ ಯಂತ್ರಕ್ಕೇಕೆ ಸಲ್ಲಬಾರದು?

ಮುಂದಿನ ಗ್ರಾಮಸಭೆಯಲ್ಲಿ, ಸಹಕಾರಿ ಸಂಘದ ವಾರ್ಷಿಕ ಸಭೆಯಲ್ಲಿ ಈ ಐದು ಬೇಡಿಕೆಗಳನ್ನು ಠರಾವಾಗಿ ಮಂಡಿಸಿ, ನಕಲನ್ನು ಸಾರಿಗೆ ಇಲಾಖೆಗೂ ಗ್ರಾಹಕ ವ್ಯವಹಾರಗಳ ಇಲಾಖೆಗೂ ಕಳಿಸಿ. ವಿದ್ಯಾರ್ಥಿಗಳು ತಮ್ಮ ಊರಿನ ಹಳೆಯ ವಾಹನಗಳ ವರ್ಷದ ಓಟವನ್ನು, ಅವು ಕುಡಿಯುವ ಇಂಧನವನ್ನು ಪಟ್ಟಿ ಮಾಡಲಿ. ಠರಾವಿನ ಜೊತೆ ಆ ಪಟ್ಟಿಯೂ ಹೋಗಲಿ.